ಬ್ಲಾಕ್‌ಚೈನಿನ ಬುನಾದಿ, ಹಣಕಾಸಿನ ಕಟ್ಟಡ

(ಪುಣೆಯ ಕನ್ನಡ ಕೇಳುಗರ ಮುಂದೆ ನೀಡಿದ ಭಾಷಣದ ಪಾಠ)



ಬ್ಯಾಂಕು ಎಂದರೇನೆಂದು ಪುಣೆ ನಗರಕ್ಕೆ ಹೊಸದಾಗಿ ಹೇಳಬೇಕಾದುದಿಲ್ಲ. ಕಾಸ್ಮಾಸ್ ಸಹಕಾರಿ ಬ್ಯಾಂಕು 1906ರಲ್ಲಿಯೂ ರುಪೀ ಸಹಕಾರಿ ಬ್ಯಾಂಕು 1912ರಲ್ಲಿಯೂ ಇಲ್ಲಿಯೇ ಹುಟ್ಟಿದವು. ಬ್ಯಾಂಕು ಮುಗ್ಗರಿಸುವುದೆಂದರೇನು ಎಂಬುದನ್ನೂ ಈ ನಗರ ಬಲ್ಲದು. ರುಪೀ ಬ್ಯಾಂಕಿನ ವ್ಯವಹಾರದ ಮೇಲೆ ರಿಸರ್ವ್ ಬ್ಯಾಂಕು 2013ರ ಫೆಬ್ರುವರಿಯಲ್ಲಿ ನಿರ್ಬಂಧ ಹೇರಿತು. ಪರವಾನಗಿ ರದ್ದತಿಯ ಆದೇಶ ಹೊರಬಿದ್ದುದು 2022ರ ಆಗಸ್ಟ್‌ನಲ್ಲಿ. ನಡುವಿನ ಒಂಬತ್ತು ವರ್ಷಗಳಲ್ಲಿ ನಿವೃತ್ತಿಯ ಹಣವನ್ನೋ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನೋ ಅಲ್ಲಿಟ್ಟವರು ಅನುಭವಿಸಿದ ಚಿಂತೆ ಸಾಮಾನ್ಯವಾದುದಲ್ಲ.

ಆದರೂ ಆ ಠೇವಣಿದಾರರಿಗೆ ತಟ್ಟಲು ಒಂದು ಬಾಗಿಲಿತ್ತು. ಬ್ಯಾಂಕಿಗೊಬ್ಬ ಆಡಳಿತಾಧಿಕಾರಿ ಇದ್ದರು, ಮೇಲೆ ರಿಸರ್ವ್ ಬ್ಯಾಂಕು ಇತ್ತು, ಠೇವಣಿ ವಿಮಾ ನಿಗಮವಿತ್ತು. ಪರವಾನಗಿ ರದ್ದಾಗುವ ಮೊದಲೇ ಈ ನಿಗಮವು ರುಪೀ ಬ್ಯಾಂಕಿನ ಠೇವಣಿದಾರರಿಗೆ 700 ಕೋಟಿ ರೂಪಾಯಿಗಳಷ್ಟು ಹಣವನ್ನು ಪಾವತಿ ಮಾಡಿತ್ತು. ಈ ವಿಮೆಯೂ ತಾನಾಗಿ ಬಂದುದಲ್ಲ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮತ್ತು ಅಕೋಲಾದ ಲಕ್ಷ್ಮೀ ಬ್ಯಾಂಕು ಕುಸಿದು ಜನ ಕಂಗಾಲಾದ ಬಳಿಕ, 1962ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ವಿಮೆಯ ಮಿತಿಯನ್ನು 1993ರಲ್ಲಿ 1 ಲಕ್ಷ ರೂಪಾಯಿಗೂ 2020ರ ಫೆಬ್ರುವರಿಯಲ್ಲಿ 5 ಲಕ್ಷ ರೂಪಾಯಿಗೂ ಏರಿಸಲಾಯಿತು.

ಈ ಹಿನ್ನೆಲೆಯನ್ನು ಮೊದಲೇ ಹೇಳಲು ಕಾರಣವಿದೆ. ಕಚೇರಿಯಿಲ್ಲದ, ವ್ಯವಸ್ಥಾಪಕನಿಲ್ಲದ, ಠೇವಣಿ ವಿಮೆಯೂ ಇಲ್ಲದ ಒಂದು ಹೊಸ ಬಗೆಯ ಹಣಕಾಸು ವ್ಯವಸ್ಥೆಯ ಹೆಸರು ಈಚಿನ ವರ್ಷಗಳಲ್ಲಿ ಎಲ್ಲೆಡೆ ಕೇಳಿಬರುತ್ತಿದೆ. ಅದಕ್ಕೆ ವಿಕೇಂದ್ರೀಕೃತ ಹಣಕಾಸು ಎಂದು ಹೆಸರು; ತರುಣರು ಚುಟುಕಾಗಿ ಡೀಫೈ ಎನ್ನುತ್ತಾರೆ. ಈಗಾಗಲೇ ನಡೆಯುತ್ತಿರುವ ಒಂದು ಬ್ಲಾಕ್‌ಚೈನಿನ ಮೇಲೆ ಸಾಲ, ವಿನಿಮಯ, ಬಡ್ಡಿ ಮುಂತಾದ ಸೇವೆಗಳ ವೇದಿಕೆಗಳನ್ನು ಕಟ್ಟುವುದು ಇದರ ಸ್ವರೂಪ. ಕೆಳಗಿನ ಬುನಾದಿ ಗಟ್ಟಿಯಾಗಿದೆ ಎಂಬ ಮಾತನ್ನು ಮುಂದಿಟ್ಟು ಮೇಲಿನ ಕಟ್ಟಡವನ್ನು ಮಾರುವವರಿದ್ದಾರೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಬ್ಲಾಕ್‌ಚೈನ್ ಎಂಬುದು ಮೂಲತಃ ಒಂದು ಲೆಕ್ಕದ ಪುಸ್ತಕ. ಅಂಗಡಿಯ ಖಾತೆ ಪುಸ್ತಕಕ್ಕೂ ಇದಕ್ಕೂ ಎರಡು ವ್ಯತ್ಯಾಸಗಳಿವೆ. ಇದರ ಪ್ರತಿ ಒಬ್ಬನ ಬಳಿ ಇರದೆ ಸಾವಿರಾರು ಗಣಕಯಂತ್ರಗಳಲ್ಲಿ ಇರುತ್ತದೆ. ಎರಡನೆಯದಾಗಿ, ಪ್ರತಿಯೊಂದು ಪುಟದ ಮೇಲೂ ಅದರ ಹಿಂದಿನ ಪುಟದ ಮುದ್ರೆ ಒತ್ತಲ್ಪಟ್ಟಿರುತ್ತದೆ. ಆದುದರಿಂದ ಹಳೆಯ ಪುಟವೊಂದರಲ್ಲಿ ಒಂದಂಕಿ ತಿದ್ದಿದರೂ ಮುಂದಿನ ಎಲ್ಲ ಪುಟಗಳ ಮುದ್ರೆ ಕೆಟ್ಟು ಕಳ್ಳತನ ಬಯಲಾಗುತ್ತದೆ. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಈ ಪುಸ್ತಕವನ್ನು ಮುಖ್ಯವಾಗಿ ಜಮೆ-ಖರ್ಚಿಗಾಗಿ ಬಳಸಿತು. 2015ರ ಜುಲೈ 30ರಂದು ಕಾರ್ಯಾರಂಭ ಮಾಡಿದ ಇಥೀರಿಯಮ್ ಒಂದು ಹೆಜ್ಜೆ ಮುಂದೆ ಹೋಗಿ, ಅದೇ ಪುಸ್ತಕದೊಳಗೆ ಆಜ್ಞೆಗಳನ್ನೂ ಬರೆದಿಡಲು ಅವಕಾಶ ಮಾಡಿಕೊಟ್ಟಿತು. ‘ಇಂತಿಷ್ಟು ಬಂದರೆ ಇಂಥವನಿಗೆ ಇಂತಿಷ್ಟು ಕೊಡು’ ಎಂದು ಬರೆದಿಟ್ಟರೆ, ಷರತ್ತು ಪೂರೈಸಿದೊಡನೆ ಆ ಆಜ್ಞೆ ತಾನಾಗಿ ನೆರವೇರುತ್ತದೆ.

ಇಂಥ ಆಜ್ಞಾಸಂಪುಟಕ್ಕೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಹೆಸರು ರೂಢಿಯಾಗಿದೆ. ಕನ್ನಡದಲ್ಲಿ ಇದನ್ನು ಚತುರ ಕರಾರು ಎಂದು ಅನುವಾದಿಸಿರುವುದುಂಟು. ಅನುವಾದ ಸರಿಯಾಗಿದೆ, ಮೂಲದ ಹೆಸರೇ ಸರಿಯಿಲ್ಲ. ಅದರಲ್ಲಿ ಚಾತುರ್ಯವೇನೂ ಇಲ್ಲ. ಬರೆದುದನ್ನು ಬರೆದಂತೆ ಮಾಡುವ ಯಂತ್ರಕ್ಕೆ ತಪ್ಪು ಬರೆದರೆ ತಪ್ಪನ್ನೇ ಮಾಡುವ ನಿಷ್ಠೆಯಿದೆ, ಅಷ್ಟೆ. ಅದು ಪೂರ್ಣಾರ್ಥದಲ್ಲಿ ಕರಾರೂ ಅಲ್ಲ. 1872ರ ಭಾರತೀಯ ಕರಾರು ಅಧಿನಿಯಮವು ಮುಕ್ತ ಸಮ್ಮತಿ, ವಂಚನೆ, ತಪ್ಪು ತಿಳಿವಳಿಕೆ ಮೊದಲಾದುವನ್ನು ತೂಗಿ ನೋಡುತ್ತದೆ. ಆಜ್ಞಾಸಂಪುಟವು ಇವುಗಳಲ್ಲಿ ಒಂದನ್ನೂ ತೂಗಲಾರದು.

ಹಣಕಾಸಿನ ವೇದಿಕೆ ಕಟ್ಟಬಯಸುವವರು ತಮ್ಮದೇ ಬ್ಲಾಕ್‌ಚೈನನ್ನು ಏಕೆ ಆರಂಭಿಸುವುದಿಲ್ಲ ಎಂಬ ಪ್ರಶ್ನೆ ಏಳಬಹುದು. ಹೊಸ ಪುಸ್ತಕಕ್ಕೆ ಪ್ರತಿಗಳನ್ನು ಇಟ್ಟುಕೊಳ್ಳುವ ಸಾವಿರಾರು ಮಂದಿ ಬೇಕು. ಅವರು ಕೆಲವೇ ಮಂದಿಯಾದರೆ ಒಟ್ಟುಗೂಡಿ ಪುಸ್ತಕವನ್ನು ತಿದ್ದಬಲ್ಲರು. ಇಥೀರಿಯಮ್‌ನಲ್ಲಿ ಆ ಜನಬಲ ಸಿದ್ಧವಾಗಿದೆ. ಅದರ ಜೊತೆಗೆ 2015ರಲ್ಲಿಯೇ ಸೂಚಿತವಾದ ಇಆರ್‌ಸಿ-20 ಎಂಬ ನಮೂನೆ ಇದೆ. ಈ ನಮೂನೆಯನ್ನು ಅನುಸರಿಸಿದರೆ ಯಾರು ಬೇಕಾದರೂ ತಮ್ಮದೊಂದು ಟೋಕನ್ನನ್ನು ಹೊರಡಿಸಬಹುದು. ಅದು ಉಳಿದೆಲ್ಲ ವೇದಿಕೆಗಳಲ್ಲಿ ಹಗುರಾಗಿ ಓಡಾಡಬಲ್ಲದು. ಪ್ರೋಗ್ರಾಂ ಬರೆಯಬಲ್ಲ ವಿದ್ಯಾರ್ಥಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಈ ಸೌಲಭ್ಯದ ಇನ್ನೊಂದು ಮುಖವನ್ನು ಪುಣೆ ಕಂಡಿದೆ. ಆ ವಿಷಯ ಮುಂದೆ ಬರುತ್ತದೆ. ಮೂಲ ಜಾಲದಲ್ಲಿ ದಟ್ಟಣೆ ಹೆಚ್ಚಿ ಪ್ರತಿ ವಹಿವಾಟಿನ ಶುಲ್ಕ ಏರಿದಾಗ, ಅದಕ್ಕೆ ಹೊಂದಿಕೊಂಡೇ ನಡೆಯುವ ಉಪಜಾಲಗಳೂ ಹುಟ್ಟಿಕೊಂಡವು. 2017ರಲ್ಲಿ ಮ್ಯಾಟಿಕ್ ಎಂಬ ಹೆಸರಿನಿಂದ ಭಾರತೀಯ ಎಂಜಿನಿಯರುಗಳು ಆರಂಭಿಸಿ, 2021ರಲ್ಲಿ ಪಾಲಿಗಾನ್ ಎಂದು ಹೆಸರು ಬದಲಾದ ಜಾಲ ಅಂಥದು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ ಜಾತಿ ಪ್ರಮಾಣಪತ್ರಗಳ ನೈಜತೆಯನ್ನು ಪರಿಶೀಲಿಸಲು 2022ರಲ್ಲಿ ಇದೇ ಜಾಲವನ್ನು ಬಳಸಲಾಯಿತು.

ಇನ್ನು ಸಾಲದ ವೇದಿಕೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬಹುದು. 2017ರ ಡಿಸೆಂಬರಿನಲ್ಲಿ ಇಥೀರಿಯಮ್‌ನ ಮೇಲೆ ಆರಂಭವಾದ ಮೇಕರ್ ಎಂಬ ವೇದಿಕೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಚಿನ್ನದ ಒಡವೆ ಒತ್ತೆಯಿಟ್ಟು ಸಾಲ ಪಡೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಾಲ ಬೇಕಾದವನು ಈಥರ್ ಎಂಬ ಡಿಜಿಟಲ್ ಆಸ್ತಿಯನ್ನು ಆಜ್ಞಾಸಂಪುಟದ ವಶಕ್ಕೆ ಕೊಡುತ್ತಾನೆ. ಅದು ಡಾಲರಿಗೆ ಸಮಾನವಾಗಿರುವಂತೆ ರೂಪಿಸಿದ ಡಾಯ್ ಎಂಬ ಟೋಕನ್ನುಗಳನ್ನು ಅವನಿಗೆ ಸಾಲವಾಗಿ ನೀಡುತ್ತದೆ. ಸಾಲಗಾರ ಯಾರು, ಅವನ ಸಂಬಳವೆಷ್ಟು, ಜಾಮೀನುದಾರರುಂಟೆ ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದಕ್ಕೆ ಪ್ರತಿಯಾಗಿ ಒತ್ತೆಯ ಮೌಲ್ಯ ಸಾಲಕ್ಕಿಂತ ಬಹಳ ಹೆಚ್ಚಿರಬೇಕು. ಆರಂಭದಲ್ಲಿ ಈ ಪ್ರಮಾಣ ಕನಿಷ್ಠ ಶೇಕಡ 150 ಇದ್ದಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 2 ಲಕ್ಷ ರೂಪಾಯಿ ಬೆಲೆಯ ಆಸ್ತಿ ಇಟ್ಟು 1 ಲಕ್ಷ ಸಾಲ ಪಡೆದವನ ಒತ್ತೆಯ ಬೆಲೆ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದ ಕ್ಷಣವೇ ಅದು ಹರಾಜಿಗೆ ಅರ್ಹವಾಗುತ್ತದೆ. ಚಿನ್ನದ ಸಾಲದಲ್ಲಿ ಹರಾಜಿಗೆ ಮುನ್ನ ಸಾಲಗಾರನಿಗೆ ನೋಟಿಸು ನೀಡಬೇಕೆಂಬ ನಿಯಮವಿದೆ. ಇಲ್ಲಿ ನೋಟಿಸಿಲ್ಲ, ವಾಯಿದೆಯಿಲ್ಲ. ನಡುರಾತ್ರಿಯಲ್ಲಿ ಸಾಲಗಾರ ಮಲಗಿರುವಾಗಲೂ ಹರಾಜು ನಡೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈಥರಿನ ಇಂದಿನ ಪೇಟೆ ಬೆಲೆ ಎಷ್ಟೆಂಬುದು ಆಜ್ಞಾಸಂಪುಟಕ್ಕೆ ತಾನಾಗಿ ತಿಳಿಯದು. ಲೆಕ್ಕದ ಪುಸ್ತಕಕ್ಕೆ ತನ್ನೊಳಗಿನ ಜಮೆ-ಖರ್ಚು ಗೊತ್ತೇ ಹೊರತು ಹೊರಗಿನ ಸಂತೆ ಗೊತ್ತಿಲ್ಲ. ಆದುದರಿಂದ ಬೆಲೆಯನ್ನು ಹೊರಗಿನಿಂದ ತಂದು ಹೇಳುವವರು ಬೇಕು. ಇವರಿಗೆ ಆರಕಲ್ ಎಂಬ ಹೆಸರಿದೆ; ದೇವಾಲಯಗಳಲ್ಲಿ ಭವಿಷ್ಯ ನುಡಿಯುತ್ತಿದ್ದ ಗ್ರೀಕರ ದೈವವಾಣಿಯಿಂದ ಬಂದ ಪದವಿದು. ದೈವವಾಣಿ ತಪ್ಪು ನುಡಿದರೆ ಆಜ್ಞಾಸಂಪುಟ ತಪ್ಪು ಬೆಲೆಗೆ ಒತ್ತೆಯನ್ನು ಹರಾಜು ಹಾಕುತ್ತದೆ, ಇಲ್ಲವೆ ಕೊಡಬಾರದವನಿಗೆ ಸಾಲ ಕೊಡುತ್ತದೆ. ಕೆಳಗಿನ ಪುಸ್ತಕ ಆ ವಹಿವಾಟನ್ನು ಸ್ವಲ್ಪವೂ ಲೋಪವಿಲ್ಲದೆ ದಾಖಲಿಸಿಕೊಳ್ಳುತ್ತದೆ.

ವಿನಿಮಯದ ವೇದಿಕೆಗಳ ಕ್ರಮ ಬೇರೆ. 2018ರ ನವೆಂಬರಿನಲ್ಲಿ ಬಂದ ಯೂನಿಸ್ವಾಪ್‌ನಲ್ಲಿ ದಲ್ಲಾಳಿಯ ಬದಲು ಒಂದು ಗುಣಾಕಾರವಿದೆ. ಒಂದು ಕಣಜದಲ್ಲಿ 100 ಮೂಟೆ ಜೋಳವೂ 10,000 ಸೇರು ಬೆಲ್ಲವೂ ಇದೆಯೆಂದು ಭಾವಿಸಬಹುದು. ಎರಡನ್ನೂ ಗುಣಿಸಿದರೆ 10 ಲಕ್ಷ. ಈ ಗುಣಲಬ್ಧ ಬದಲಾಗಕೂಡದು ಎಂಬುದೊಂದೇ ಕಟ್ಟಳೆ. ಒಬ್ಬನು 20 ಮೂಟೆ ಜೋಳ ಒಯ್ದರೆ ಉಳಿಯುವುದು 80. ಗುಣಲಬ್ಧ ಸರಿಹೋಗಲು ಬೆಲ್ಲ 12,500 ಸೇರಾಗಬೇಕು. ಅಂದರೆ ಮೂಟೆಗೆ 100 ಸೇರಿದ್ದ ದರ ಅವನಿಗೆ 125 ಬಿತ್ತು. ದೊಡ್ಡ ಗಿರಾಕಿಗೆ ರಿಯಾಯಿತಿ ಕೊಡುವ ಪೇಟೆಯ ನ್ಯಾಯ ಇಲ್ಲಿ ತಲೆಕೆಳಗು. ಕಣಜಕ್ಕೆ ಸರಕು ತುಂಬಿದವರಿಗೆ ಪ್ರತಿ ವಿನಿಮಯದಿಂದ ಅಲ್ಪ ಶುಲ್ಕ ಸಲ್ಲುತ್ತದೆ. ಇದು ಚೊಕ್ಕವಾದ ಉಪಾಯ ಎಂಬುದರಲ್ಲಿ ಸಂದೇಹವಿಲ್ಲ.

ವಿಕೇಂದ್ರೀಕರಣ ಎಂಬ ಪದದ ಬಗ್ಗೆ ಒಂದು ಮಾತು ಹೇಳುವುದು ಅವಶ್ಯಕ. ಕನ್ನಡ ನಾಡಿಗೆ ಈ ಪದ ಪರಿಚಿತವಾದುದು ಪಂಚಾಯತಿ ರಾಜ್ಯದಿಂದ. 1983ರ ಕರ್ನಾಟಕದ ಶಾಸನ, ಆಮೇಲೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ, ಇವುಗಳಿಂದಾಗಿ ಅಧಿಕಾರವು ವಿಧಾನಸೌಧದಿಂದ ಊರಿಗೆ ಇಳಿಯಿತು. ಕೊಳಾಯಿಯಲ್ಲಿ ನೀರು ಬಾರದಿದ್ದರೆ ಯಾರನ್ನು ಕೇಳಬೇಕೆಂಬುದು ಹಳ್ಳಿಯ ಹೆಣ್ಣುಮಗಳಿಗೂ ತಿಳಿದಿರುತ್ತದೆ. ಅಲ್ಲಿ ವಿಕೇಂದ್ರೀಕರಣವೆಂದರೆ ಹೊಣೆಗಾರ ಹತ್ತಿರವಾಗುವುದು. ಹಣಕಾಸಿನ ಈ ಹೊಸ ಬಳಕೆಯಲ್ಲಿ ಅದೇ ಪದಕ್ಕೆ ಹೊಣೆಗಾರನೇ ಇಲ್ಲದಿರುವುದು ಎಂಬ ಅರ್ಥ ಬಂದಿದೆ. ಪದ ಒಂದೇ ಇದ್ದುದರಿಂದ ಅದರ ಹಿಂದಿನ ಒಳ್ಳೆಯ ಹೆಸರೂ ಜೊತೆಗೇ ಬಂದುಬಿಟ್ಟಿದೆ. ಹೊಣೆಗಾರನಿಲ್ಲ ಎಂಬುದಾದರೂ ನಿಜವೆ ಎಂದರೆ, ಅದೂ ಪೂರ್ತಿ ನಿಜವಲ್ಲ.

2016ರಲ್ಲಿ ಇಥೀರಿಯಮ್‌ನ ಮೇಲೆ ದಿ ಡಿಎಒ ಎಂಬ ಹೂಡಿಕೆಯ ನಿಧಿಯೊಂದನ್ನು ಕಟ್ಟಲಾಯಿತು. ಆಜ್ಞಾಸಂಪುಟವೇ ಅದರ ಅಧ್ಯಕ್ಷ, ಅದೇ ಕಾರ್ಯದರ್ಶಿ. ಜೂನ್ 17ರಂದು ಯಾರೋ ಒಬ್ಬರು ಆಜ್ಞೆಗಳ ಅನುಕ್ರಮದಲ್ಲಿದ್ದ ಒಂದು ಲೋಪವನ್ನು ಹಿಡಿದರು. ಹಣ ಕೊಟ್ಟ ಮೇಲೆ ಖಾತೆಯಲ್ಲಿ ಕಳೆಯಬೇಕೆಂದು ಬರೆದಿತ್ತು. ಕಳೆಯುವುದರೊಳಗಾಗಿ ಮತ್ತೆ ಮತ್ತೆ ಹಣ ಕೇಳಲಾಯಿತು. ಸುಮಾರು 36 ಲಕ್ಷ ಈಥರ್ ಹೀಗೆ ಹರಿದುಹೋಯಿತು. ಗುಮಾಸ್ತನಾಗಿದ್ದರೆ ಎರಡನೆಯ ಬಾರಿ ಬಂದವನ ಮುಖ ನೋಡಿಯಾದರೂ ತಡೆಯುತ್ತಿದ್ದ. ಜುಲೈ ತಿಂಗಳಲ್ಲಿ ಇಥೀರಿಯಮ್‌ನ ಬಹುಸಂಖ್ಯಾತರು ಒಪ್ಪಿ ಆ ಹಣವನ್ನು ಹಿಂದಿರುಗಿಸುವಂತೆ ಪುಸ್ತಕವನ್ನೇ ಕವಲೊಡೆಸಿದರು. ಒಪ್ಪದವರು ಹಳೆಯ ಪುಸ್ತಕವನ್ನು ಇಥೀರಿಯಮ್ ಕ್ಲಾಸಿಕ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ತಿದ್ದಲಾಗದ ಪುಸ್ತಕದ ವಿಷಯದಲ್ಲಿ ಕೊನೆಗೆ ನಿರ್ಣಯ ಮಾಡಿದವರು ಮನುಷ್ಯರೇ.

ಮೇಕರ್ ವೇದಿಕೆಯ ಪರೀಕ್ಷೆ 2020ರ ಮಾರ್ಚ್ 12ರಂದು ನಡೆಯಿತು. ಕೊರೊನಾ ಭೀತಿಯಿಂದ ಜಗತ್ತಿನ ಪೇಟೆಗಳೆಲ್ಲ ಕುಸಿಯುತ್ತಿದ್ದ ಆ ದಿನ ಈಥರಿನ ಬೆಲೆ ಶೇಕಡ 40ಕ್ಕೂ ಹೆಚ್ಚು ಇಳಿಯಿತು. ಸಾವಿರಾರು ಸಾಲಗಳ ಒತ್ತೆ ಒಟ್ಟಿಗೇ ಹರಾಜಿಗೆ ಬಂದಿತು. ಜಾಲದಲ್ಲಿ ದಟ್ಟಣೆ ಹೆಚ್ಚಿ ಶುಲ್ಕ ಏರಿದುದರಿಂದ ಹರಾಜಿನಲ್ಲಿ ಕೂಗುವವರ ಬೇಡಿಕೆಗಳು ತಲುಪಲೇ ಇಲ್ಲ. ತಲುಪಿದ ಒಬ್ಬಿಬ್ಬರು ಶೂನ್ಯ ಬೆಲೆ ಕೂಗಿದರು; ಎದುರಾಳಿ ಇಲ್ಲದುದರಿಂದ ಆಜ್ಞಾಸಂಪುಟ ಅದನ್ನೇ ಒಪ್ಪಿತು. 80 ಲಕ್ಷ ಡಾಲರಿಗೂ ಅಧಿಕ ಬೆಲೆಯ ಒತ್ತೆ ಹೀಗೆ ಬಿಟ್ಟಿಯಾಗಿ ಹೋಯಿತು. ಇಲ್ಲಿ ಯಾರೂ ಕನ್ನ ಹಾಕಲಿಲ್ಲ. ಇಥೀರಿಯಮ್ ಒಂದು ವಹಿವಾಟನ್ನೂ ತಪ್ಪಾಗಿ ಬರೆಯಲಿಲ್ಲ.

ಇದೆಲ್ಲ ದೂರದ ಮಾತೆನ್ನಿಸಬಹುದು. ಪುಣೆಯಲ್ಲಿಯೇ ನಡೆದ ಪ್ರಕರಣಕ್ಕೆ ಬರೋಣ. 2015ರಲ್ಲಿ ಆರಂಭವಾದ ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ, ಬಿಟ್‌ಕಾಯಿನ್ ಕೊಟ್ಟರೆ 18 ತಿಂಗಳ ಕಾಲ ತಿಂಗಳಿಗೆ ಶೇಕಡ 10ರಂತೆ ಹಿಂದಿರುಗಿಸುವುದಾಗಿ ಆಶ್ವಾಸನೆ ನೀಡಿತ್ತು. ನೆಂಟರನ್ನೂ ಸ್ನೇಹಿತರನ್ನೂ ಸೇರಿಸಿದವರಿಗೆ ಬೇರೆ ಕಮಿಷನ್ ಇದ್ದಿತು. ಮೊದಮೊದಲು ಹಣ ಬಿಟ್‌ಕಾಯಿನ್ ರೂಪದಲ್ಲಿಯೇ ಬಂದುದರಿಂದ ಜನ ನಂಬಿದರು. ಕೇಂದ್ರ ತನಿಖಾ ದಳದ ಹೇಳಿಕೆಯಂತೆ, 2017ರ ವೇಳೆಗೆ ಹೊಸಬರ ಸೇರ್ಪಡೆ ಇಳಿಮುಖವಾದಾಗ ಯೋಜನೆಯವರು ಬಿಟ್‌ಕಾಯಿನ್ ಬದಲಿಗೆ ಎಂಕ್ಯಾಪ್ ಎಂಬ ತಮ್ಮದೇ ಟೋಕನ್ನನ್ನು ಕೊಡತೊಡಗಿದರು. ಅದರ ಬೆಲೆ ಬಿಟ್‌ಕಾಯಿನ್ನಿಗಿಂತ ಬಹಳ ಕಡಿಮೆಯಿತ್ತು.

ಎಂಕ್ಯಾಪ್ ಎಂಬುದು ಇಥೀರಿಯಮ್‌ನ ಮೇಲೆ ಇಆರ್‌ಸಿ-20 ನಮೂನೆಯಲ್ಲಿ ಹೊರಡಿಸಿದ ಟೋಕನ್ ಎಂಬುದನ್ನು ಕೇಳುಗರು ಗಮನಿಸಬೇಕು. ಹೂಡಿದವನು ತನ್ನ ಖಾತೆ ತೆರೆದು ನೋಡಿದರೆ ಟೋಕನ್ನುಗಳು ಇದ್ದವು. ಜಗತ್ತಿನ ಸಾವಿರಾರು ಗಣಕಯಂತ್ರಗಳು ಅವು ಅವನವೇ ಎಂದು ಸಾಕ್ಷಿ ನುಡಿಯುತ್ತಿದ್ದವು, ಆ ಸಾಕ್ಷ್ಯ ಸುಳ್ಳೂ ಅಲ್ಲ. ಇಂಥವನ ಬಳಿ ಇಷ್ಟು ಟೋಕನ್ ಇದೆ ಎಂದು ಮಾತ್ರ ಬುನಾದಿ ಹೇಳಬಲ್ಲದು. ಆ ಟೋಕನ್ನಿಗೆ ಬೆಲೆಯುಂಟು ಎಂದೋ ಹೊರಡಿಸಿದವನು ಮಾತು ಉಳಿಸಿಕೊಳ್ಳುವನು ಎಂದೋ ಅದು ಎಂದೂ ಹೇಳಿರಲಿಲ್ಲ. ಹೇಳಿದೆಯೆಂದು ಜನ ತಿಳಿದರು. ಹಾಗೆ ತಿಳಿಯುವಂತೆ ಅವರಿಗೆ ಹೇಳಲಾಗಿತ್ತು.

ಪ್ರಕರಣದ ಮುಖ್ಯ ಆರೋಪಿಯನ್ನು ಪುಣೆ ಪೊಲೀಸರು 2018ರ ಏಪ್ರಿಲ್‌ನಲ್ಲಿ ಬಂಧಿಸಿದರು. ಆತ 2022ರ ಜನವರಿಯಲ್ಲಿ ತೀರಿಕೊಂಡನು. ದೇಶದ ನಾನಾ ಕಡೆ ದಾಖಲಾಗಿದ್ದ ಮೊಕದ್ದಮೆಗಳು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಕೇಂದ್ರ ತನಿಖಾ ದಳಕ್ಕೆ ವರ್ಗವಾದವು. 2025ರ ಫೆಬ್ರುವರಿಯಲ್ಲಿ ಆ ದಳವು ದೆಹಲಿ, ಪುಣೆ, ಚಂಡೀಗಢ, ನಾಂದೇಡ, ಕೊಲ್ಹಾಪುರ ಮತ್ತು ಬೆಂಗಳೂರು ಸೇರಿದಂತೆ 60ಕ್ಕೂ ಹೆಚ್ಚು ಸ್ಥಳಗಳಲ್ಲಿ ಶೋಧ ನಡೆಸಿತು. ಜಾಲದ ಹರವು ಕನ್ನಡಿಗರ ಊರುಗಳಿಗೆ ಎಷ್ಟು ಸಮೀಪ ಬಂದಿತ್ತೆಂಬುದನ್ನು ಈ ಪಟ್ಟಿಯಿಂದಲೇ ಊಹಿಸಬಹುದು.

ಇದರ ನಡುವೆ ಇನ್ನೊಂದು ಘಟನೆ ನಡೆಯಿತು. ಡಿಜಿಟಲ್ ಆಸ್ತಿಯನ್ನು ಜಪ್ತಿ ಮಾಡುವುದು ಪೊಲೀಸರಿಗೆ ಹೊಸ ವಿದ್ಯೆಯಾಗಿದ್ದುದರಿಂದ 2018ರ ತನಿಖೆಯಲ್ಲಿ ಹೊರಗಿನ ಇಬ್ಬರು ತಜ್ಞರ ನೆರವು ಪಡೆಯಲಾಗಿತ್ತು. ಆರೋಪಿಗಳ ಖಾತೆಗಳಿಂದ ಕ್ರಿಪ್ಟೊ ಆಸ್ತಿಯನ್ನು ತಮ್ಮ ಖಾತೆಗಳಿಗೆ ತಿರುಗಿಸಿಕೊಂಡರೆಂಬ ಆರೋಪದ ಮೇಲೆ ಪುಣೆ ಪೊಲೀಸರು ಅದೇ ಇಬ್ಬರನ್ನು 2022ರ ಮಾರ್ಚ್‌ನಲ್ಲಿ ಬಂಧಿಸಿದರು. ಬ್ಲಾಕ್‌ಚೈನಿನಲ್ಲಿ ಆಸ್ತಿಯ ಒಡೆತನವೆಂದರೆ ಒಂದು ಉದ್ದನೆಯ ಗುಪ್ತ ಸಂಖ್ಯೆ. ಅದನ್ನು ಕೀಲಿ ಎನ್ನುತ್ತಾರೆ. ಕೀಲಿ ಬಲ್ಲವನೇ ಒಡೆಯ. ಅವನು ಹೂಡಿಕೆದಾರನೋ ಕಳ್ಳನೋ ತನಿಖೆಗೆ ಬಂದವನೋ ಎಂಬ ಭೇದವನ್ನು ಪುಸ್ತಕ ಎಣಿಸುವುದಿಲ್ಲ. ಬಹುತೇಕ ವೇದಿಕೆಗಳಲ್ಲಿ ಆಜ್ಞಾಸಂಪುಟವನ್ನು ಬದಲಾಯಿಸುವ ಕೀಲಿಯೂ ಒಂದಿರುತ್ತದೆ. ಅದು ಯಾರ ಕೈಯಲ್ಲಿದೆ, ಒಬ್ಬನ ಕೈಯಲ್ಲಿದೆಯೋ ಐದು ಮಂದಿಯಲ್ಲಿ ಮೂವರು ಒಪ್ಪಬೇಕೋ ಎಂಬ ಪ್ರಶ್ನೆ, ಬಡ್ಡಿ ಎಷ್ಟು ಎಂಬ ಪ್ರಶ್ನೆಗಿಂತ ಮೊದಲು ಬರತಕ್ಕದ್ದು.

ಕಾನೂನಿನ ಸ್ಥಿತಿ ಸಂಕ್ಷೇಪವಾಗಿ ಹೀಗಿದೆ. ಇಂಥ ವಹಿವಾಟುದಾರರಿಗೆ ಬ್ಯಾಂಕುಗಳು ಸೇವೆ ನೀಡಕೂಡದೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯ 2020ರ ಮಾರ್ಚ್ 4ರಂದು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಈ ಆಸ್ತಿಗಳ ವರ್ಗಾವಣೆಯ ಲಾಭಕ್ಕೆ ಶೇಕಡ 30ರಷ್ಟು ಆದಾಯ ತೆರಿಗೆ ವಿಧಿಸಲಾಯಿತು. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2023ರ ಮಾರ್ಚ್‌ನಿಂದ ಇವುಗಳ ವಿನಿಮಯ ಸಂಸ್ಥೆಗಳು ಅಕ್ರಮ ಹಣ ವರ್ಗಾವಣೆ ತಡೆ ಅಧಿನಿಯಮದ ವ್ಯಾಪ್ತಿಗೆ ಬಂದಿವೆ. ತೆರಿಗೆ ತೆತ್ತ ಮಾತ್ರಕ್ಕೆ ಸರಕಾರ ಅದಕ್ಕೆ ಖಾತರಿ ನಿಂತಿತೆಂದು ಅರ್ಥವಲ್ಲ. ಠೇವಣಿ ವಿಮೆ ಇವುಗಳಿಗೆ ಅನ್ವಯಿಸುವುದಿಲ್ಲ.

ಹಾಗೆಂದು ಇರುವ ಬುನಾದಿಯ ಮೇಲೆ ಕಟ್ಟುವ ವಿದ್ಯೆಯೇ ತ್ಯಾಜ್ಯವಲ್ಲ. 2024ರ ಸೆಪ್ಟೆಂಬರ್ 4ರಂದು ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಮಂತ್ರಾಲಯವು ವಿಶ್ವಸ್ಯ ಎಂಬ ರಾಷ್ಟ್ರೀಯ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಆರಂಭಿಸಿತು. 1988ರಲ್ಲಿ ಸ್ಥಾಪಿತವಾಗಿ ಪುಣೆಯಲ್ಲಿ ಪ್ರಧಾನ ಕಚೇರಿ ಹೊಂದಿರುವ ಸಿ-ಡ್ಯಾಕ್ ಸಂಸ್ಥೆಯು ಇದನ್ನು ರೂಪಿಸಿದವರಲ್ಲಿ ಒಂದು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಭುವನೇಶ್ವರ, ಪುಣೆ ಮತ್ತು ಹೈದರಾಬಾದಿನ ದತ್ತಾಂಶ ಕೇಂದ್ರಗಳಲ್ಲಿ ಇದರ ಯಂತ್ರಗಳಿವೆ. ಸರಕಾರಿ ಇಲಾಖೆಯೊಂದು ತನ್ನದೇ ಜಾಲ ಕಟ್ಟದೆ ಇದರ ಮೇಲೆ ತನಗೆ ಬೇಕಾದ ಸೇವೆಯನ್ನು ಕಟ್ಟಿಕೊಳ್ಳಬಹುದು. ಇಥೀರಿಯಮ್‌ನಂತೆ ಇಲ್ಲಿ ಯಾರು ಬೇಕಾದರೂ ಬಂದು ಬರೆಯುವಂತಿಲ್ಲ. ಅನುಮತಿ ಪಡೆದವರು ಮಾತ್ರ ಬರೆಯಬಲ್ಲರು, ಬರೆದವರು ಯಾರೆಂಬುದು ಗೊತ್ತಿರುತ್ತದೆ. ಇದರಿಂದ ಮುಕ್ತತೆ ಕಡಿಮೆಯಾಯಿತೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ನಿರಾಧಾರವಲ್ಲ. ಬರೆಯುವವರು ಕೆಲವರೇ ಆದಾಗ ಅವರ ಮೇಲೆ ನಂಬಿಕೆ ಇಡಲೇಬೇಕಾಗುತ್ತದೆ. ಆದರೆ ಪ್ರಮಾಣಪತ್ರದಲ್ಲಿ ತಪ್ಪಾದರೆ ಹೋಗಿ ಕೇಳಲು ಒಂದು ಕಚೇರಿ ಅಲ್ಲಿ ಉಳಿದಿರುತ್ತದೆ.

ಡಿಜಿಟಲ್ ಆಸ್ತಿಯ ಹೆಸರಿನಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ದೂರವಾಣಿ ಕರೆ ಮಾಡಿ ದೂರು ದಾಖಲಿಸಬಹುದು. ಸಮೀಪದ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು. ಕಾನೂನುಬಾಹಿರವಾಗಿ ಠೇವಣಿ ಸಂಗ್ರಹಿಸುವವರ ವಿಷಯವನ್ನು ರಿಸರ್ವ್ ಬ್ಯಾಂಕಿನ ಸಚೇತ್ ಜಾಲತಾಣಕ್ಕೆ ತಿಳಿಸಬಹುದು. ದೂರಿನ ಜೊತೆಗೆ ಪ್ರತಿ ವಹಿವಾಟಿನ ಗುರುತಿನ ಸಂಖ್ಯೆ, ಹಣ ಹೋದ ಖಾತೆಯ ವಿಳಾಸ, ದಿನಾಂಕ ಮತ್ತು ಸಮಯ, ಯೋಜನೆಯವರೊಡನೆ ನಡೆದ ಸಂದೇಶಗಳ ಪ್ರತಿ ಇವುಗಳನ್ನು ಲಗತ್ತಿಸತಕ್ಕದ್ದು. ಕೀಲಿಯನ್ನು ಮಾತ್ರ ಯಾವ ಅರ್ಜಿಯಲ್ಲಿಯೂ ಬರೆಯಕೂಡದು, ದೂರು ಸ್ವೀಕರಿಸುವವರಿಗೂ ಅದರ ಅಗತ್ಯವಿಲ್ಲ.